ಬೀಸುವ ಪದಗಳಿಗೊಂದು ಕೀಲಿ

ನಮ್ಮ ಅಡುಗೆಮನೆಯ ಒಳಕೋಣೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕಕ್ಕೆ, ಈಗ ಇನ್ನೊಂದು ಡಬ್ಬಿ ಬಂದು ಕೂತಿದೆ. ಕಪ್ಪು ಬಣ್ಣದ್ದು, ಹಗಲೆಲ್ಲ ಗುಂಯ್ ಎನ್ನುತ್ತಿರುತ್ತದೆ, ಬಂದವರು ಹೊಸ ಗ್ರೈಂಡರು ತಂದಿರೇನು ಎಂದು ಕೇಳುತ್ತಾರೆ. ಸರ್ವರ್ ಎಂದರೆ ಮುಖ ಮುಖ ನೋಡುತ್ತಾರೆ. ಅದರ ಹೊಟ್ಟೆಯಲ್ಲಿ ಎರಡು ಹಾರ್ಡ್ ಡಿಸ್ಕುಗಳಿವೆ. ಒಂದರಲ್ಲಿ ಇಟ್ಟದ್ದೇ ಇನ್ನೊಂದರಲ್ಲಿಯೂ ಇರುತ್ತದೆ, ಒಂದು ಸತ್ತರೆ ಇನ್ನೊಂದಾದರೂ ಬದುಕಿರಲಿ ಎಂದು. ಬಾಗೇವಾಡಿಯಲ್ಲಿ ಪಿಂಚಣಿ ತಿಂದು ತಣ್ಣಗಿರಬೇಕಾದ ಶಿಕ್ಷಕಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ.

ಇಂಗಳೇಶ್ವರದ ಶಾಲೆಗೆ ನಾನು ಹೊಸದಾಗಿ ಹೋದ ಕಾಲ. ಊರಿಗೆ ಗಿರಣಿ ಬಂದಿದ್ದರೂ ಕೆಲವು ಮನೆಗಳಲ್ಲಿ ಬೀಸುಕಲ್ಲು ಇನ್ನೂ ತಿರುಗುತ್ತಿತ್ತು. ನಸುಕಿನಲ್ಲಿ ಕಲ್ಲಿನ ಗುಡುಗುಡು, ಬಳೆಯ ಸದ್ದು, ಬಿಸಿಬಿಸಿ ಹಿಟ್ಟಿನ ವಾಸನೆ, ಇವೆಲ್ಲದರ ನಡುವೆ ಹೆಂಗಸರು ಹಾಡುವ ಬೀಸುವ ಪದ. ನನ್ನ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದಾಗ ಅವರಲ್ಲಿ ಒಂದು ಮನೆಯ ಹಿರಿಯ ಸೊಸೆಯಾಗಿದ್ದ ಗುರುಬಸವ್ವ ಕಲ್ಲಿನ ಗೂಟ ಹಿಡಿದವಳು ಬಿಡದೆಯೇ ಹೇಳಿದಳು:

“ಗಂಡಸರ ಕಿವಿಗೆ ಬೀಳಬಾರದ್ರಿ ಅಕ್ಕೋರ. ಕಲ್ಲು ಮುಟ್ಟಿ ಆಣಿ ಮಾಡ್ರಿ, ಹಾಡ್ತೇವಿ.”

ಮುಟ್ಟಿದೆ. ಅವರು ಹಾಡಿದರು. ಅತ್ತೆಯ ಬಾಯಿ, ತವರಿನ ಹಾದಿ, ಗಂಡನ ಕೈಯ ಏಟು, ಯಾರಿಗೂ ಹೇಳದ ಆಸೆ, ಎಲ್ಲವೂ ಹಿಟ್ಟಿನ ಜೊತೆ ಉದುರಿದವು. ಅಂಥ ಮೂವತ್ತು ನಲವತ್ತು ಕ್ಯಾಸೆಟ್ಟುಗಳು ನನ್ನ ಟ್ರಂಕಿನಲ್ಲಿ ಬೂಸಲು ಹಿಡಿಯತೊಡಗಿದಾಗ, ಬಾಗಿಲು ಹಾಕಿಕೊಂಡು ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿದೆ. ಆದರೆ ಇಡುವುದೆಲ್ಲಿ? ಇಂಟರ್‌ನೆಟ್ಟಿನಲ್ಲಿ ಇಟ್ಟರೆ ಕಂಡವರ ಮನೆಯ ಅಟ್ಟದಲ್ಲಿ ಇಟ್ಟಂತೆ. ಡಿಸ್ಕು ಕೆಟ್ಟು ರಿಪೇರಿಗೆ ಹೋದರೆ ಅಂಗಡಿಯವನು ತೆಗೆದು ಕೇಳಿ ವಾಟ್ಸಾಪಿಗೆ ಹಾಕಿದರೆ ಏನು ಗತಿ? ಅದಕ್ಕೇ ಮನೆಯದೇ ಡಬ್ಬಿ, ಅದಕ್ಕೊಂದು ಭದ್ರವಾದ ಕೀಲಿ.

ಕಟ್ಟುವ ಕೆಲಸ ನಮ್ಮ ಮನೆಯವರದು. ಆಲಮಟ್ಟಿಯಲ್ಲಿ ಕಾಲುವೆಯ ಗೇಟು ನೋಡಿಕೊಂಡಿದ್ದವರು, ಯಂತ್ರ ಎಂದರೆ ಊಟ ಮರೆಯುತ್ತಾರೆ. ತಾವು ಕೇಳಬಾರದ ಹಾಡಿಗೆ ತಾವೇ ಕೀಲಿ ಹಾಕಬೇಕಲ್ಲ ಎಂದು ನಗುತ್ತಲೇ ಒಪ್ಪಿದರು. ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು ಎಂಬಲ್ಲಿ ಮಾತ್ರ ನಮ್ಮಿಬ್ಬರಿಗೆ ಎಣ್ಣೆ ಸೀಗೆಕಾಯಿ. ಕೊನೆಗೆ ಉಳಿದವು ಎರಡು, ಎರಡೂ ಪುಕ್ಕಟೆ. ಮೊದಲನೆಯದು ಸಲೀಸು, ಇಡೀ ಡಬ್ಬಿಗೆ ಒಂದೇ ಕೀಲಿ. ಎರಡನೆಯದು ಕಲಿಯಲು ಜಿಗುಟು, ಆದರೆ ಒಳಗಿನ ಒಂದೊಂದು ಖಾನೆಗೂ ಬೇರೆ ಬೇರೆ ಕೀಲಿ ಹಾಕಬಹುದು. ಅವರು ಸಲೀಸಾದದ್ದನ್ನೇ ಹಾಕಿದರು. ಕರೆಂಟು ಹೋಗಿ ಬಂದಾಗಲೆಲ್ಲ ಗುಪ್ತಪದ ಬಡಿಯುವ ಕಾಟ ಬೇಡವೆಂದು, ಅದನ್ನು ಪೆನ್ ಡ್ರೈವಿನಲ್ಲಿ ಬರೆದು ಡಬ್ಬಿಯ ಬೆನ್ನಿಗೇ ಚುಚ್ಚಿಟ್ಟರು. ಬಾಗಿಲಿಗೆ ಕೀಲಿ ಹಾಕಿ ಕೀಲಿಕೈ ಅಲ್ಲೇ ಮೊಳೆಗೆ ತೂಗುಹಾಕಿದಂತೆ! ನನಗೆ ಬಂದ ಸಿಟ್ಟಿಗೆ ಎರಡು ದಿನ ಮಾತು ಬಿಟ್ಟೆ. ಪೆನ್ ಡ್ರೈವು ಕಿತ್ತು ಬಂತು.

ಇಷ್ಟರಲ್ಲಿ ಗುರುಬಸವ್ವ ತೀರಿಕೊಂಡಳು. ತಿಂಗಳಾದ ಮೇಲೆ ಅವಳ ಮಗ ಶರಣಪ್ಪ ಬಂದ. ನನ್ನ ಹತ್ತಿರ ಅಕ್ಷರ ಕಲಿತವನು, ಈಗ ಅರ್ಧ ತಲೆ ನರೆತಿದೆ. ಚಹಾದ ಬಟ್ಟಲು ಕೆಳಗಿಟ್ಟು ಹೇಳಿದ:

“ಅವ್ವನ ಫೋಟೋ ಐತ್ರಿ ಅಕ್ಕೋರ, ಧ್ವನಿ ಇಲ್ಲ. ನಿಮ್ಮ ಹಂತ್ಯಾಕ ಐತೆಂತ.”

ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಎನ್ನಲು ಆ ಕಲ್ಲು ಬಿಡಲಿಲ್ಲ. ಅವಳ ಪದಗಳಲ್ಲಿ ಇವನ ತಂದೆಯಿದ್ದ, ಹೇಗಿದ್ದನೋ ಹಾಗೆಯೇ ಇದ್ದ. ಇವನೋ ಆ ತಂದೆಯ ಫೋಟೋಕ್ಕೆ ದಿನಾ ಹೂವು ಏರಿಸುವವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ತವಳಿಗೆ ಕೊಟ್ಟ ಮಾತನ್ನು ಮುರಿದರೆ ಕ್ಷಮೆ ಕೇಳಲಾದರೂ ಯಾರಿದ್ದಾರೆ? ಹಾಗೆಂದು ಮಗನಿಗೆ ತಾಯಿಯ ದನಿಯನ್ನೇ ಇಲ್ಲವೆನ್ನಲು ನಾನು ಯಾವ ದೊಡ್ಡವಳು? ಎಂಟು ದಿನ ಬಿಟ್ಟು ಬಾರಪ್ಪಾ ಎಂದು ಕಳಿಸಿದೆ.

ಆ ಎಂಟು ದಿನ ಮತ್ತೆ ಬಾಗಿಲು ಹಾಕಿಕೊಂಡು ಗುರುಬಸವ್ವನನ್ನು ಕೇಳಿದೆ. ಕೇಳುತ್ತ ಕೇಳುತ್ತ ಒಂದು ಸಂಗತಿ ಹೊಳೆಯಿತು. ಪದ ಪದಗಳ ನಡುವೆ ಕೆಮ್ಮು, ನಗು, ಬೆಕ್ಕಿಗೆ ಗದರಿದ್ದು, ಮಕ್ಕಳನ್ನು ಕರೆದದ್ದು ಎಲ್ಲವೂ ಸಿಕ್ಕಿಕೊಂಡಿದ್ದವು. ನಾನು ಆಣೆ ಮಾಡಿದ್ದು ಪದಗಳಿಗೆ. ಮಕ್ಕಳಿಗೆಂದೇ ಆಡಿದ ಮಾತು ಮಕ್ಕಳದ್ದಲ್ಲವೇ? ಇದನ್ನು ನಮ್ಮ ಮನೆಯವರಿಗೆ ಹೇಳಿದಾಗ, ಅವರು ತಮ್ಮ ಸಲೀಸಾದ ಸಿಸ್ಟಮನ್ನು ತಾವೇ ಅಳಿಸಿ, ಜಿಗುಟಿನದನ್ನು ಹಾಕಲು ಕೂತರು.

“ಅದರಾಗ ಒಂದ ಗೇಟು, ತಗದ್ರ ಎಲ್ಲಾ ಹೊಲಕ್ಕೂ ನೀರು,” ಎಂದರು. “ಇದರಾಗ ಹೊಲಕ್ಕೊಂದು ಗೇಟು. ಬೇಕಾದ್ದಷ್ಟ ತಗಿ.”

ಪದಗಳು ಒಂದು ಖಾನೆಗೆ ಹೋದವು. ಅದರ ಗುಪ್ತಪದ ನನಗೆ ಮತ್ತು ಗುರುಬಸವ್ವನ ಮಗಳಿಗೆ ಮಾತ್ರ ಗೊತ್ತು; ಅವಳಿಗೊಬ್ಬ ಮಗಳೂ ಇದ್ದಾಳೆ, ಹೆಂಗಸಾದ್ದರಿಂದ ಆಣೆ ಅವಳಿಗೆ ಅಡ್ಡ ಬರುವುದಿಲ್ಲ. ಮಾತಿನ ತುಣುಕುಗಳು ಇನ್ನೊಂದಕ್ಕೆ ಹೋದವು.

ನಾನು ಹೇಳಿದ ದಿನವೇ, ಮಧ್ಯಾಹ್ನ, ಶರಣಪ್ಪ ಬಂದ. ಪದಗಳನ್ನು ನಿನಗೆ ಕೇಳಿಸಲಾರೆ, ನಿಮ್ಮವ್ವನಿಗೆ ಮಾತು ಕೊಟ್ಟಿದ್ದೇನೆ ಎಂದು ಮೊದಲೇ ಹೇಳಿಬಿಟ್ಟೆ. ಅವನ ಮುಖ ಸಣ್ಣದಾಯಿತು. ಮೊದಲನೇ ತುಣುಕು ಹಾಕಿದೆ. ಕಲ್ಲು ತಿರುಗುತ್ತಿದ್ದದ್ದು ಗಕ್ಕನೆ ನಿಂತಿತು, ಬಳೆ ಸರಿದವು, ಆಮೇಲೆ ಅವಳ ದನಿ, ಇಪ್ಪತ್ತೈದರ ಹರೆಯದ್ದು, ಏದುಸಿರಿನದ್ದು:

“ಶರಣ್ಯಾ, ನಾವು ಹೆಂಗಸರು ಪದಾ ಹಾಡಾಕತ್ತೇವಿ. ನೀ ಹೊರಗ ಹೋಗಿ ಆಡು, ನನ್ನಪ್ಪಾ. ಬುಟ್ಟ್ಯಾಗ ರೊಟ್ಟಿ ಅದಾವು, ತಗೊಂಡು ಹೋಗು.”

ಅವನು ಅದನ್ನು ಮೂರು ಸಲ ಹಾಕಿಸಿ ಕೇಳಿದ. ಇನ್ನು ಪದಕ್ಕಾಗಿ ಹಟ ಹಿಡಿಯುತ್ತಾನೆ, ನಾನು ಕರಗಿಹೋಗುತ್ತೇನೆ ಎಂದು ಹೆದರಿ ಕೂತಿದ್ದೆ. ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಎದ್ದ.

“ಹೊರಗ ಹೋಗು ಅಂದಾಳ್ರಿ ಅಕ್ಕೋರ,” ಎಂದವನೇ ಅಂಗಳಕ್ಕೆ ಹೋಗಿ ನಿಂತ.