ಮಗ್ಗಗಳು ನಿಂತ ಮಧ್ಯಾಹ್ನ

ಮುಧೋಳದ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವುದು ಮುಗಿದು, ಯಂತ್ರಗಳ ದುರಸ್ತಿ ನಡೆಯುತ್ತಿದ್ದ ಬೇಸಿಗೆ ಅದು. ಮೂರು ವರ್ಷವಾಯಿತೆಂದು ನನ್ನ ಲೆಕ್ಕ. ವರ್ಷ ತಪ್ಪಿರಬಹುದು. ಆ ದಿನ ನಡೆದದ್ದರಲ್ಲಿ ಎಷ್ಟು ನಿಜ ಎಂಬುದೇ ನನಗೆ ಇನ್ನೂ ಖಾತ್ರಿಯಿಲ್ಲ.

ಇಂಜಿನಿಯರಿಂಗ್ ಮುಗಿಸಿ ಬನಹಟ್ಟಿಯ ಹೊರಗಿನ ಒಂದು ಕ್ರೇನ್ ವರ್ಕ್‌ಶಾಪಿಗೆ ಸೂಪರ್‌ವೈಸರ್ ಆಗಿ ಸೇರಿದ್ದೆ. ಎದುರಿನ ಓಣಿಯ ತುಂಬ ವಿದ್ಯುತ್ ಮಗ್ಗಗಳು. ಅವುಗಳ ಖಟಖಟದಲ್ಲಿ ಪಕ್ಕದವರ ಜೊತೆಗೂ ಕೂಗಿಯೇ ಮಾತಾಡಬೇಕು. ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಶ್ರೀಶೈಲ ಮಿಸ್ತ್ರಿ. ವಯಸ್ಸಿನಲ್ಲಿ ನನ್ನ ತಂದೆಗಿಂತ ದೊಡ್ಡವರು, ಆದರೂ ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಕ್ರೇನಿನ ತೋಳು ಎತ್ತಿ ನಿಂತಿದ್ದರೆ, ಅದನ್ನು ಹೊತ್ತ ಸಿಲಿಂಡರಿನ ರಾಡಿನ ಮೇಲೆ, ರಾಡು ಒಳಹೋಗುವ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆಯುವರು. ಆಮೇಲೆ ಊಟಕ್ಕೋ ಚಹಾಕ್ಕೋ ಹೋಗಿ ಬರುವರು. ಅಷ್ಟರಲ್ಲಿ ಗೆರೆ ಒಳಗೆ ಹೋಗಿದ್ದರೆ, ತೋಳು ಕಣ್ಣಿಗೆ ಕಾಣದಂತೆ ಇಳಿಯುತ್ತಿದೆ ಎಂದು ಅರ್ಥ.

ಆ ದಿನ ಸಾವಳಗಿಯಿಂದ ಬಂದ ಹಳೆಯ ಕ್ರೇನೊಂದರ ತೋಳು ಪೂರ್ತಿ ಇಳಿಯದೆ, ಗಾಡಿಯ ಅಡಿಗಟ್ಟಾದ ಚಾಸಿಯಿಂದ ಒಂದೂವರೆ ಅಡಿ ಮೇಲೆ ಸಿಕ್ಕಿಕೊಂಡಿತ್ತು. ಅದರ ಮಾಲೀಕ ಬೇಗ ಬೇಕೆಂದು ಎರಡು ಸಲ ಫೋನ್ ಮಾಡಿದ್ದ. ಮಿಸ್ತ್ರಿ ಗೆರೆ ಎಳೆದು ಊಟದ ಡಬ್ಬಿ ತೆಗೆದುಕೊಂಡರು.

"ನಾ ಉಂಡು ಬರೂತನಕ ಕೆಳಗ ಹೋಗಬ್ಯಾಡ್ರಿ ಸಾಹೇಬ್ರ. ಅದಿನ್ನೂ ಮಲಗಿಲ್ಲ."

ನಾನು ನಕ್ಕೆ. ಎಂಜಿನ್ ಬಂದ್ ಆಗಿದೆ, ಕೀಲಿ ನನ್ನ ಕಿಸೆಯಲ್ಲಿದೆ, ಒತ್ತಡದ ಮೀಟರ್ ಸೊನ್ನೆ ತೋರಿಸುತ್ತಿದೆ, ಇನ್ನು ಮಲಗುವುದೇನು ಉಳಿದಿದೆ ಎಂದು ಕೇಳಿದೆ.

"ನಿಮ್ಮ ಮೀಟರ್ ಬ್ಯಾರೆ ಓಣ್ಯಾಗ ಇರತೈತ್ರಿ. ಈ ಮನ್ಯಾಗಿಂದು ಅದಕ್ಕೇನು ಗೊತ್ತು?" ಎಂದು ಹೇಳಿ ಹೋದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಮೀಟರ್ ಇದ್ದದ್ದು ಪಂಪಿನ ಕಡೆಗೆ. ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಎಣ್ಣೆ ತೋಳಿನ ಭಾರವನ್ನೆಲ್ಲ ಹೊತ್ತುಕೊಂಡೇ ಇತ್ತು. ಇದನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ.

ಉಳಿದವರೂ ಊಟಕ್ಕೆ ಹೋಗಿದ್ದರು. ನಾನು ಚಾಸಿ ಹತ್ತಿ, ತೋಳಿನ ಕೆಳಗೆ ಅಂಗಾತ ಸರಿದು, ಎಣ್ಣೆ ಪೈಪಿನ ನಟ್ಟಿಗೆ ಪಾನಾ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಬೆರಳಿಗೆ ಸ್ವಲ್ಪ ಎಣ್ಣೆ ತಾಗಿತು. ಇಷ್ಟೇ ತಾನೇ ಅಂದುಕೊಂಡೆ.

ಆಗ ಮಗ್ಗಗಳು ನಿಂತವು.

ಒಂದೊಂದಾಗಿ ಅಲ್ಲ, ಎಲ್ಲವೂ ಒಮ್ಮೆಗೇ. ಕರೆಂಟ್ ಹೋಯಿತು ಎಂದುಕೊಂಡೆ. ನನ್ನ ಉಸಿರು ನನಗೇ ಕೇಳಿಸುವಷ್ಟು ಮೌನ. ಆ ಮೌನದಲ್ಲಿ, ತಲೆಯ ಹತ್ತಿರ ಯಾರೋ ಹಲ್ಲುಸಂದಿಯಿಂದ ಗಾಳಿ ಎಳೆದುಕೊಂಡಂಥ ಸಣ್ಣ ಸದ್ದು. ಕಣ್ಣೆತ್ತಿದರೆ, ಗೇಣಷ್ಟು ಮೇಲಿದ್ದ ಕಬ್ಬಿಣ ನನ್ನ ಅಂಗಿಯ ಗುಂಡಿಗೆ ತಾಗುತ್ತಿತ್ತು. ಅದು ಬಂದದ್ದು ನನಗೆ ಕಂಡೇ ಇರಲಿಲ್ಲ.

ಉಸಿರು ಪೂರ್ತಿ ಹೊರಬಿಟ್ಟು ಪಕ್ಕಕ್ಕೆ ಜಾರಿದೆ. ಕಿಸೆ ಹರಿಯಿತು. ನೆಲಕ್ಕೆ ಬಿದ್ದು ತಿರುಗಿ ನೋಡುವಾಗ ತೋಳು ಯಾವ ಅವಸರವೂ ಇಲ್ಲದೆ ಇಳಿದು, ನಾನು ಮಲಗಿದ್ದ ಜಾಗದ ಮೇಲೆ ಕುಳಿತಿತು. ಆಮೇಲೆ ನೋಡಿದರೆ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಯಾವಾಗ ಶುರುವಾದವು, ಗೊತ್ತಿಲ್ಲ.

ಮಿಸ್ತ್ರಿ ಬಂದು ಮೊದಲು ರಾಡು ನೋಡಿದರು. ಗೆರೆ ಇರಲಿಲ್ಲ. ನನ್ನ ಹರಿದ ಅಂಗಿ ನೋಡಿ ಏನೂ ಬೈಯಲಿಲ್ಲ, ನೀರು ತಂದುಕೊಟ್ಟರು. ಕರೆಂಟ್ ಹೋದದ್ದಕ್ಕೆ ಉಳಿದೆ, ಇಲ್ಲದಿದ್ದರೆ ಆ ಸದ್ದು ಕೇಳುತ್ತಲೇ ಇರಲಿಲ್ಲ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಕರೆಂಟ್ ಎಲ್ಲಿ ಹೋಗಿತ್ರಿ? ಫ್ಯಾನಿನ ಕೆಳಗ ಕುಂತು ಉಂಡು ಬಂದೇನಿ."

ನಂಬದೆ ಎದುರಿನ ಮಗ್ಗದ ಮನೆಗೆ ಹೋಗಿ, ಅಲ್ಲಿ ನೇಯುತ್ತಿದ್ದ ಸುವರ್ಣಕ್ಕನನ್ನು ಕೇಳಿದೆ. "ಮುಂಜಾನಿಂದ ಒಮ್ಮಿನೂ ನಿಂತಿಲ್ಲಪಾ. ನಿಂತಿದ್ರ ನಾನರ ಒಂದೀಟು ಅಡ್ಡಾಗ್ತಿದ್ದೆ" ಎಂದು ನಕ್ಕಳು. ಇನ್ನೂ ಎರಡು ಮನೆಗಳಲ್ಲಿ ಕೇಳಿದೆ. ಅದೇ ಉತ್ತರ.

ಹೆದರಿದಾಗ ಕಿವಿ ಬೇಡದ ಸದ್ದುಗಳನ್ನು ಬಿಟ್ಟುಬಿಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಮಗ್ಗಗಳು ನಿಂತಾಗ ನನಗೆ ಇನ್ನೂ ಹೆದರಿಕೆಯೇ ಆಗಿರಲಿಲ್ಲ. ದೇವರು, ದೆವ್ವ ನಾನು ನಂಬುವುದಿಲ್ಲ. ಹಾಗಾದರೆ ಉಳಿಯುವುದು ನನ್ನ ನೆನಪು ಒಂದೇ. ಅದನ್ನೂ ಈಗ ನಂಬಲಾರೆ.

ಅಂದು ಸಂಜೆಯೇ ಮಿಸ್ತ್ರಿ ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿಸುವುದನ್ನೂ, ತೋಳಿನ ಕೆಳಗೆ ಜಾಲಿಯ ದಿಮ್ಮಿ ಕೊಡುವುದನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಅಂದಿನಿಂದ ಹಾಗೆಯೇ ಮಾಡುತ್ತೇನೆ. ದಿಮ್ಮಿ ಕೊಟ್ಟದ್ದು ಸ್ಪಷ್ಟವಾಗಿ ನೆನಪಿದ್ದರೂ ಕೆಳಗೆ ಸರಿಯುವ ಮೊದಲು ಒಮ್ಮೆ ಹೋಗಿ ಕೈಯಿಂದ ಮುಟ್ಟಿ ನೋಡುತ್ತೇನೆ.

ಈ ಮೂರು ವರ್ಷಗಳಲ್ಲಿ ಎರಡು ಸಲ, ಅಲ್ಲಿ ದಿಮ್ಮಿ ಇರಲಿಲ್ಲ.