ಬಾಗಿಲಿಗಿಟ್ಟ ಕಲ್ಲಿದ್ದಲು

ಬಸವನ ಬಾಗೇವಾಡಿ ರೋಡ್ ಸ್ಟೇಷನ್ನಿನ ಕಡೆಯ ರೈಲ್ವೆ ಗೇಟಿನಲ್ಲಿ ನೀವು ಎಂದಾದರೂ ಕಾದಿದ್ದರೆ, ಅಲ್ಲಿಯ ಪದ್ಧತಿ ನಿಮಗೆ ಗೊತ್ತಿರುತ್ತದೆ. ಮೊದಲು ಸ್ಕೂಟರ್ ಬಂದ್ ಮಾಡಬೇಕು, ಆಮೇಲೆ ಹೆಲ್ಮೆಟ್ ತೆಗೆಯಬೇಕು, ಆಮೇಲೆ ಪಕ್ಕದವರ ಜೊತೆ ಮಳೆಯ ಮಾತು ತೆಗೆಯಬೇಕು. ಮಳೆಯ ಮಾತು ಮುಗಿದರೂ ಗೇಟು ಏಳುವುದಿಲ್ಲ. ಮೊನ್ನೆ ಹಾಗೆ ನಿಂತಿದ್ದಾಗ ಕಲ್ಲಿದ್ದಲಿನ ಗಾಡಿ ಬಂತು. ಮೇಲೆ ತೆರೆದ ಡಬ್ಬಿಗಳು, ಕರಿ ಗುಡ್ಡೆಗಳು. ಹೋಗುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ಅದು ದಾಟಿದ ಮೇಲೂ ಎದುರಿನಿಂದ ಇನ್ನೊಂದು ಗಾಡಿ ಬರುವುದಿದೆ ಎಂದು ಗೇಟು ಹಾಗೆಯೇ ಉಳಿಯಿತು. ನನ್ನ ಕಾಲ ಬಳಿ ಮುಷ್ಟಿಯಷ್ಟು ದೊಡ್ಡ ಕಲ್ಲಿದ್ದಲಿನ ತುಂಡು ಬಿದ್ದಿತ್ತು. ಎತ್ತಿಕೊಂಡು ಮೂಸಿದೆ. ಪಕ್ಕದ ಬೈಕಿನವನು ನನ್ನನ್ನು ಒಂದು ಥರ ನೋಡಿದ. ಇಸ್ತ್ರಿ ಅಂಗಿ ಹಾಕಿಕೊಂಡ ಅರವತ್ತು ದಾಟಿದ ಮನುಷ್ಯ ರಸ್ತೆಯಲ್ಲಿ ನಿಂತು ಕಲ್ಲಿದ್ದಲು ಮೂಸಿದರೆ ಯಾರಾದರೂ ನೋಡುತ್ತಾರೆ.

ಆದರೆ ಅದು ನನಗೆ ಡ್ಯಾನಿಯಲ್ ಕಾಕಾನ ವಾಸನೆ. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿಲ್ಲ. ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿದ್ದವರು, ಊರಿಗೆಲ್ಲ ಕಾಕಾ. ಉಗಿಬಂಡಿಯ ಕಾಲದಲ್ಲಿ ಇಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದರು. ಇಡೀ ಜಿಲ್ಲೆ ಅವರ ಪಾಲಿಗೆ ಸ್ಟೇಷನ್ನುಗಳ ಸಾಲು. ಸಿಂದಗಿಗೆ ರೈಲು ಇಲ್ಲವಾದ್ದರಿಂದ ಆ ಊರು ಇದೆ ಎಂಬುದನ್ನೇ ಅವರು ಪೂರ್ತಿ ನಂಬುತ್ತಿರಲಿಲ್ಲ. ಲಚ್ಯಾಣದಲ್ಲಿ ಗಾಡಿ ನಿಂತಾಗ ಒಬ್ಬ ಅಜ್ಜಿ ಇವರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಡುತ್ತಿದ್ದಳಂತೆ. ಇವರ ಹೆಸರನ್ನಾಗಲಿ ಜಾತಿಯನ್ನಾಗಲಿ ಅವಳು ಒಮ್ಮೆಯೂ ಕೇಳಲಿಲ್ಲವಂತೆ. "ಬೆಂಕಿ ಮುಂದ ನಿಂತವಗ ಹಸಿವು ಭಾಳೋ ತಮ್ಮಾ, ಅದು ಆಕಿಗೆ ಗೊತ್ತಿತ್ತು" ಎಂದು ಕಾಕಾ ಎಷ್ಟು ಸಲ ಹೇಳಿದ್ದಾರೋ.

ನಮ್ಮದು ಸಣ್ಣ ಚರ್ಚು. ವರ್ಷಕ್ಕೊಮ್ಮೆ ಸುಗ್ಗಿಯ ಆರಾಧನೆ ಇರುತ್ತದೆ. ಬೆಳೆದವರು ಬೆಳೆದದ್ದನ್ನು ತಂದು ದೇವರ ಮುಂದಿನ ಮೇಜಿನ ಮೇಲಿಡುತ್ತಾರೆ: ಜೋಳದ ತೆನೆ, ತೊಗರಿ, ನಿಂಬೆಹಣ್ಣು, ಒಮ್ಮೊಮ್ಮೆ ಒಂದು ಜೀವಂತ ಕೋಳಿ. ಆರಾಧನೆ ಮುಗಿದ ಮೇಲೆ ಅವುಗಳ ಲಿಲಾವು, ಅಂದರೆ ಹರಾಜು, ನಡೆಯುತ್ತದೆ. ಕೂಗಿದವರಿಗೆ ಮಾಲು, ಚರ್ಚಿಗೆ ಹಣ. ಕಾಕಾಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ನಿವೃತ್ತಿಯಾದ ವರ್ಷ ಅವರು ಒಂದು ದೊಡ್ಡ ಕಲ್ಲಿದ್ದಲಿನ ತುಂಡನ್ನು ತೊಳೆದು, ಒರೆಸಿ, ಕುಂಬಳಕಾಯಿಯ ಪಕ್ಕದಲ್ಲಿ ಇಟ್ಟರು. "ನನ್ನ ಹೊಲದ ಬೆಳಿ ಇದು" ಅಂದರು. ಲಿಲಾವಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕಾಕಾನ ಮುಖ ನೋಡಲಾಗದೆ ನಮ್ಮಪ್ಪ ಕೂಗಿದರು. ಅಂದಿನಿಂದ ಅದು ನಮ್ಮ ಮನೆಯ ತಲಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಕೂತಿತು. ನನ್ನ ಹೆಂಡತಿ ಮದುವೆಯಾಗಿ ಬಂದಾಗ ಮೊದಲು ಎಡವಿದ್ದು ಅದನ್ನೇ.

ಕಾಕಾ ನಿವೃತ್ತಿಯ ದುಡ್ಡಿನಲ್ಲಿ ಒಂದು ಕಲ್ಲಿದ್ದಲು ಕಂಪನಿಯ ಷೇರು ಕೊಂಡಿದ್ದರು. ಸಾಯುವ ಮುಂಚೆ ಅದನ್ನು ಚರ್ಚಿನ ಹೆಸರಿಗೆ ಬರೆದರು. ಅದರ ಡಿವಿಡೆಂಡಿನಲ್ಲಿ ಸುಗ್ಗಿಯ ದಿನ ಬಂದವರಿಗೆಲ್ಲ ಊಟ ಹಾಕಬೇಕು, ಯಾರು ಎಂದು ಯಾರನ್ನೂ ಕೇಳಬಾರದು. ಲಚ್ಯಾಣದ ಅಜ್ಜಿಯ ಋಣ ಅದು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಓಣಿಯ ಸಾಬರು, ಲಿಂಗಾಯತರು, ಬಸ್ ಸ್ಟ್ಯಾಂಡಿನ ಹಮಾಲರು ಎಲ್ಲರೂ ಬಂದು ಕೂರುತ್ತಿದ್ದರು. ಊರಲ್ಲಿ ಅದಕ್ಕೆ ಕಾಕಾನ ಊಟ ಎಂದೇ ಹೆಸರು.

ಗಡಿಬಿಡಿ ಶುರುವಾದದ್ದು ಹೋದ ವರ್ಷದ ಸುಗ್ಗಿಯ ಒಂದು ಪ್ರಾರ್ಥನೆಯಿಂದ. ಕಾಣಿಕೆ ಎಲ್ಲಿಂದ ಬಂತೋ ಆ ಮೂಲವನ್ನು ಹೆಸರು ಹೇಳಿ ಆಶೀರ್ವದಿಸುವುದು ನಮ್ಮಲ್ಲಿಯ ರೂಢಿ. ಖಜಾಂಚಿಯಾದ ನಾನು ಪಕ್ಕದಲ್ಲಿ ನಿಂತು ಪಿಸುಗುಡಬೇಕು, ಪಾಸ್ಟರ್ ಗಟ್ಟಿಯಾಗಿ ಹೇಳಬೇಕು. ನನಗೆ ಚರ್ಚಿನಲ್ಲಿ ಸಿಕ್ಕಿರುವ ಏಕೈಕ ಪಾತ್ರ ಇದು, ಅದೂ ಯಾರಿಗೂ ಕೇಳಿಸದ ಪಾತ್ರ. ಮುದ್ದೇಬಿಹಾಳದ ಕಡೆಯ ತರುಣರೊಬ್ಬರು ಹೊಸದಾಗಿ ಪಾಸ್ಟರ್ ಆಗಿ ಬಂದಿದ್ದರು. ಆ ವರ್ಷ ತೊಗರಿ ಹೂಬಿಟ್ಟ ಹೊತ್ತಿಗೆ ಬರಬಾರದ ಮಳೆ ಬಂದು ಹೂವೆಲ್ಲ ಉದುರಿತ್ತು. ಪಾಸ್ಟರ್ ಶಾಂತಪ್ಪನ ತೊಗರಿ ಹೊಲವನ್ನು ಆಶೀರ್ವದಿಸಿದರು, ಮೇರಿಯ ಹೊಲಿಗೆ ಮಷಿನ್ನನ್ನು ಆಶೀರ್ವದಿಸಿದರು, ಮಳೆ ಹೊತ್ತಿಗೆ ಸರಿಯಾಗಿ ಬರಲಿ ಎಂದು ಬಹಳ ಹೊತ್ತು ಬೇಡಿಕೊಂಡರು. ನಾನು "ಕಲ್ಲಿದ್ದಲು ಕಂಪನಿ" ಎಂದು ಪಿಸುಗುಟ್ಟಿದೆ. ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. "ಪ್ರಭುವೇ, ಕಲ್ಲಿದ್ದಲು..." ಎಂದು ನಿಂತುಬಿಟ್ಟರು. ಸಭೆಯೆಲ್ಲ ಕಣ್ಣು ಮುಚ್ಚಿ ಕಾಯುತ್ತಿದೆ. ಹೊರಗೆ ಹುಗ್ಗಿಯ ಪಾತ್ರೆಗೆ ಸೌಟು ತಾಗುವ ಸದ್ದು. ಕೊನೆಗೆ ಅವರು ಆಮೆನ್ ಎಂದರು. ನಾವೂ ಎಂದೆವು.

ಮುಂದಿನ ಭಾನುವಾರ ಕಮಿಟಿ ಸೇರಿತು. "ಮಳಿ ಹೊತ್ತಿಗೆ ಬರ್ಲಿ ಅಂತ ಬೇಡಿದೆ" ಎಂದರು ಪಾಸ್ಟರ್. "ಅದರ ಬೆನ್ನಿಗೇ ಮಳಿ ಕೆಡಸೂ ಹೊಗಿ ಇನ್ನಷ್ಟು ಏಳ್ಲಿ ಅಂತ ಬೇಡೂದು ನನ್ನ ಬಾಯಿಂದ ಆಗ್ಲಿಲ್ರಿ. ದೇವ್ರು ಯಾವುದನ್ನ ಕೇಳ್ಬೇಕು? ಆ ಷೇರು ಮಾರೂಣ್ರಿ."

ಸಭೆಯ ಹಿರಿಯ ಸ್ಯಾಮುವೆಲಣ್ಣ ಮೇಲೆ ಕೈ ತೋರಿಸಿದರು. "ಈ ಫ್ಯಾನು ಯಾತರಲೆ ತಿರಗಾಕತ್ತೈತ್ರಿ? ಮೊದ್ಲ ಅದನ್ನ ಬಂದ್ ಮಾಡ್ರಿ."

ಪಾಸ್ಟರ್ ಎದ್ದು ಹೋಗಿ ಬಂದ್ ಮಾಡಿದರು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ. ಸ್ವಲ್ಪ ಹೊತ್ತು ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಧರ್ಮಚಿಂತನೆ ಮಾಡಿದೆವು. ಆಮೇಲೆ ಸ್ಯಾಮುವೆಲಣ್ಣನೇ ಎದ್ದು ಹಾಕಿದರು.

"ಫ್ಯಾನು ನನಗೂ ಬೇಕ್ರಿ" ಎಂದರು ಪಾಸ್ಟರ್. "ಆದ್ರ ನಾಳೆ ಬಿಸಲಿಂದನೋ ಗಾಳಿಯಿಂದನೋ ಕರೆಂಟು ಬಂದ್ರ ಫ್ಯಾನಿನ ಕೆಳಗ ಕುಂತವಗ ಖುಷಿನ ಆಕ್ಕೈತಿ. ಷೇರು ಹಿಡದವಗ ಆಗೂದಿಲ್ಲ. ಅಂವ ಇನ್ನೂ ಭಾಳ ಸುಡ್ಲಿ ಅಂತ ದಿನಾ ಆಸೆ ಪಡಬೇಕು. ದಿನಾ ಪಡೂ ಆಸೆ ಪ್ರಾರ್ಥನಿನ ಅಲ್ಲೇನ್ರಿ?"

ನನ್ನ ಅಭಿಪ್ರಾಯವಂತೂ ಯಾವಾಗಲೂ ಕೊನೆಗೆ ಮಾತಾಡಿದವರ ಅಭಿಪ್ರಾಯವೇ. ಮಾರುವುದಾದರೆ ಕಾಕಾನ ಹೆಂಡತಿ ರತ್ನಾಬಾಯಿ ಕಾಕು ಒಪ್ಪಿದರೆ ಮಾತ್ರ, ಅವರು ಬೇಡವೆಂದರೆ ಈ ಮಾತು ಮತ್ತೆ ಎತ್ತಬಾರದು ಎಂದು ತೀರ್ಮಾನವಾಯಿತು. ಕೇಳಿ ಬರಲು ನನ್ನನ್ನು ಕಳಿಸಿದರು. ಭಾನುವಾರದ ಶಾಲೆಯಲ್ಲಿ ನನ್ನ ಕಿವಿ ಹಿಂಡಿದವರು ಕಾಕು. ಇಂದಿಗೂ ಅವರ ಮುಂದೆ ನಿಂತರೆ ನನ್ನ ಕೈ ತಾನಾಗಿಯೇ ಕಿವಿಗೆ ಹೋಗುತ್ತದೆ.

ಹೋದಾಗ ಅವರು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನು ಒಪ್ಪಿಸಿದೆ. ಭೂಮಿ ದೇವರದು, ನಾವು ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುವವರು. ಲಾವಣಿಗೆ ಹಿಡಿದವನು ಬೆಳೆ ಉಣ್ಣಬಹುದು. ಹೊಲವನ್ನೇ ಕೆಡಿಸಿ ಲಾಭ ಹಂಚಿಕೊಂಡರೆ ಧಣಿಗೆ ಏನೆಂದು ಲೆಕ್ಕ ಒಪ್ಪಿಸುತ್ತಾನೆ? ಕೆಟ್ಟ ಹವೆಯ ಪೆಟ್ಟು ಮೊದಲು ಬೀಳುವುದು ಬಡವರ ಮೇಲೆ, ಆ ಬಡವರಿಗೇ ಆ ಲಾಭದಲ್ಲಿ ಊಟ ಹಾಕುವುದು ಹೇಗೆ? ಇಷ್ಟು ಹೇಳಿ ನೀರು ಕೇಳಿದೆ.

ಕಾಕು ಮೊರದಿಂದ ಕಣ್ಣೆತ್ತಲಿಲ್ಲ. "ಅಷ್ಟೆಲ್ಲಾ ಹೇಳಬ್ಯಾಡ. ಅವರ ಹೆಸರಿನ ಊಟ ನಿಂದರತೈತೇನು, ಅದನ್ನ ಹೇಳು."

ಮಾರಿ ಬಂದ ಹಣ ಬ್ಯಾಂಕಿನಲ್ಲಿಟ್ಟರೆ ಅದರ ಬಡ್ಡಿಯಲ್ಲಿ ಅರ್ಧ ಊಟವಷ್ಟೇ ಆದೀತು ಎಂದು ಇದ್ದದ್ದನ್ನು ಹೇಳಿದೆ. ಅವರ ಕೈ ನಿಂತಿತು. ಮಕ್ಕಳಿಲ್ಲದ ಮನೆ ಅದು. ಗಂಡನ ಹೆಸರನ್ನು ಊರು ವರ್ಷಕ್ಕೊಮ್ಮೆ ಹೇಳುತ್ತಿದ್ದದ್ದು ಆ ಒಂದು ಊಟದ ದಿನ. ಅದನ್ನು ಕಿತ್ತುಕೊಳ್ಳಲು ಬಂದವನ ಹಾಗೆ ನಾನು ಕೂತಿದ್ದೆ, ನನಗೆ ನಾಚಿಕೆಯಾಯಿತು.

"ಅವರು ಕಲ್ಲಿದ್ದಲಾ ಪ್ರೀತಿ ಮಾಡಿದವರಲ್ಲೋ ತಮ್ಮಾ" ಎಂದರು ಕಾಕು. "ಇಂಜಿನ್ನ ಪ್ರೀತಿ ಮಾಡಿದವರು. ಉಗಿ ಇಂಜಿನ್ ಬಂದ್ ಆದ ದಿನ ಉಣ್ಣಲಿಲ್ಲ. ಮರುದಿನ ಜಳಕಾ ಮಾಡಿ, ಹೊಸಾ ಅಂಗಿ ಹಾಕ್ಕೊಂಡು ಡೀಸೆಲ್ ಇಂಜಿನ್ ನೋಡಾಕ ಹ್ವಾದ್ರು. ಹೊಗಿ ಕಡಿಮಿ ಐತಿ, ಚಲೋ ಆತು ಅಂದ್ರು. ಕಡೀಕ ಕೆಮ್ಮಿ ಕೆಮ್ಮಿ ಹ್ವಾದ್ರು, ನಿನಗ ಗೊತ್ತೈತಿ. ಆಗ ಅದೊಂದ ದಾರಿ ಇತ್ತು, ಮಾಡಿದ್ರು. ಈಗಿದ್ದಿದ್ರ ನಿಮ್ಮಕಿಂತ ಮೊದ್ಲ ಮಾರತಿದ್ರು." ಮತ್ತೆ ಜೋಳಕ್ಕೆ ಕೈ ಹಾಕಿದರು. "ಊಟ ನಿಂದ್ರಬಾರದು. ಮೇಜಿನ ಮ್ಯಾಲ ಬಂದದ್ದು ಆ ದಿನ ಲಿಲಾವಿಗೆ ಬ್ಯಾಡ, ಒಲಿಗೆ ಹೋಗ್ಲಿ. ಮತ್ತ ನಿಮ್ಮ ಬಾಗಲಾಗಿನ ಆ ತುಂಡು, ಅದನ್ನ ನನಗ ವಾಪಸ್ ತಂದು ಕೊಡು."

ಷೇರು ಮಾರಿದೆವು. ಈ ವರ್ಷದ ಸುಗ್ಗಿಯಲ್ಲಿ ಲಿಲಾವು ನಡೆಯಲಿಲ್ಲ. ಶಾಂತಪ್ಪನ ತೊಗರಿ ಬೇಳೆಯಾಗಿ ಬಂತು, ಸ್ಯಾಮುವೆಲಣ್ಣ ಒಂದು ಚೀಲ ಗೋಧಿ ತಂದು ಯಾರ ಮುಖವನ್ನೂ ನೋಡದೆ ಇಟ್ಟುಹೋದರು, ಓಣಿಯ ಸಾಬರ ಮನೆಯಿಂದ ಕೇಳದೆಯೇ ಬೆಲ್ಲ ಬಂತು. ಹುಗ್ಗಿಗೆ ತುಪ್ಪ ಕಡಿಮೆಯಾಗಿತ್ತು, ಅದನ್ನು ಎಲ್ಲರೂ ಹೇಳಿದರು. ಪಾಸ್ಟರ್ ಪ್ರಾರ್ಥನೆಯಲ್ಲಿ ಎಲ್ಲಿಯೂ ತಡವರಿಸಲಿಲ್ಲ.

ಊಟವಾದ ಮೇಲೆ ಕಾಕು ನನ್ನನ್ನು ಕರೆದುಕೊಂಡು ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋದರು. ಸೆರಗಿನಲ್ಲಿ ಆ ತುಂಡು. ಕಾಕಾನ ಗೋರಿಯ ಪಕ್ಕ ನನ್ನಿಂದ ಕುಣಿ ತೋಡಿಸಿದರು. ಆಳ ಸಾಲದು ಎಂದು ಮತ್ತೆ ತೋಡಿಸಿದರು. ತಾವೇ ಕೂತು ಅದನ್ನು ಒಳಗಿಟ್ಟು, ಹೆಣದ ಮೇಲೆ ಹಾಕುವಂತೆ ಮೂರು ಹಿಡಿ ಮಣ್ಣು ಹಾಕಿದರು. ಆಮೇಲೆ ಗೋರಿಯ ಕಡೆ ತಿರುಗಿ, ಮನೆಯಲ್ಲಿ ಮಾತಾಡಿದಷ್ಟೇ ಸಾದಾ ದನಿಯಲ್ಲಿ ಹೇಳಿದರು: "ಜೀವ ಇರೂತನಕ ತಗದು ತಗದು ಬೆಂಕಿಗಿ ಹಾಕಿದ್ರಿ. ಒಂದು ತುಂಡರ ಹೊಳ್ಳಿ ಇದ್ದಲ್ಲೆ ಇಟ್ಟೇನಿ. ಇನ್ನ ಮಲಕೋರಿ."

ನಾನು ಮುಖ ಆ ಕಡೆ ತಿರುಗಿಸಿಕೊಂಡು ಅತ್ತೆ.

ಗೇಟಿನಲ್ಲಿ ಎರಡನೆಯ ಗಾಡಿಯೂ ಹೋಯಿತು; ಅದೂ ಕಲ್ಲಿದ್ದಲಿನದೇ. ಗೇಟು ಎದ್ದಿತು, ಹಿಂದಿನವರು ಹಾರ್ನ್ ಬಾರಿಸತೊಡಗಿದರು. ರಸ್ತೆಯಲ್ಲಿ ಎತ್ತಿಕೊಂಡ ತುಂಡು ನನ್ನ ಕೈಯಲ್ಲಿ ಇನ್ನೂ ಇತ್ತು. ಮನೆಯ ಬಾಗಿಲು ಈಗ ಗಾಳಿಗೆ ಬಡಿಯುತ್ತದೆ, ಏನಾದರೂ ತಂದಿಡಿ ಎಂದು ಹೆಂಡತಿ ದಿನವೂ ಹೇಳುತ್ತಾಳೆ. ಅದಕ್ಕೆ ಇದು ಸರಿಯಾಗುತ್ತಿತ್ತು. ನಾನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ರಸ್ತೆಯ ಪಕ್ಕಕ್ಕೆ ಹೋಗಿ, ಚಪ್ಪಲಿಯ ತುದಿಯಿಂದ ಮಣ್ಣು ಕೆದರತೊಡಗಿದೆ. "ಯಜಮಾನ್ರ, ಏನರ ಕಳಕೊಂಡೀರೇನು?" ಎಂದು ಬೈಕಿನವನು ಕೂಗಿ ಕೇಳಿದ. ಇಲ್ಲ ಎಂದೆ. ತುಂಡನ್ನು ಇಟ್ಟು ಮೇಲೆ ಮಣ್ಣೆಳೆದೆ. ಆಳ ಸಾಲದು ಎನಿಸಿತು. ಮತ್ತೆ ತೆಗೆದು, ಕೂತು, ಕೈಯಿಂದಲೇ ತೋಡಿದೆ.