ಬಾಣಂತನಕ್ಕೊಂದು ತಂಪು ಮಾಳಿಗೆ

ಜಲನಗರದ ಈ ಬಾಡಿಗೆ ಮನೆಯನ್ನು ಮಾಲೀಕರು ನಮಗೆ ತೋರಿಸಿದ್ದು ಡಿಸೆಂಬರಿನ ಒಂದು ಮುಂಜಾನೆ. ವಿಜಯಪುರದಲ್ಲಿ ಮೇಲಿನ ಮಹಡಿಯ ಮನೆಗಳನ್ನು ಡಿಸೆಂಬರಿನಲ್ಲಿಯೇ ತೋರಿಸುತ್ತಾರೆ, ಅದೂ ಸೂರ್ಯ ಮೈ ಮುರಿಯುವ ಮೊದಲೇ. "ಗಾಳಿ, ಬೆಳಕು ಭಾಳ ಚೊಲೋ ಐತ್ರಿ ಅಕ್ಕೋರ. ಶಾಲ ಹೊಚ್ಕೊಂಡ ಮಲಗಬೇಕ ನೋಡ್ರಿ," ಎಂದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಾದ ಛತ್ತಿನಿಂದ ಶಾಖ ಕೆಳಗೆ ಹೇಗೆ ಇಳಿಯುತ್ತದೆ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸುವವಳು. ಆ ಮುಂಜಾನೆಯ ಥಂಡಿಗೆ ಬಾಣವೂ ನೆನಪಾಗಲಿಲ್ಲ, ಶಾಖವೂ ನೆನಪಾಗಲಿಲ್ಲ. ಮುಂಗಡ ಕೊಟ್ಟು ಬಂದೆವು.

ಮಾರ್ಚಿನಲ್ಲಿ ಎಲ್ಲ ನೆನಪಾಯಿತು. ಕಟ್ಟಡಕ್ಕೆ ಮೂರು ಅಂತಸ್ತು. ಕೆಳಗೆ ಮಾಲೀಕರ ಸಂಸಾರ, ನಡುವೆ ಎರಡು ಬಾಡಿಗೆ ಮನೆ, ಮೇಲೆ ಇನ್ನೆರಡು. ನಮ್ಮ ತಲೆಯ ಮೇಲೆ ಬರೀ ಸ್ಲ್ಯಾಬು, ಸ್ಲ್ಯಾಬಿನ ಮೇಲೆ ನೇರ ಸೂರ್ಯ. ನಮ್ಮ ಪಕ್ಕದ ಮನೆ ಯುಗಾದಿ ಮುಗಿದ ಕೂಡಲೇ ಖಾಲಿಯಾಗುತ್ತಿತ್ತು, ಡಿಸೆಂಬರಿಗೆ ಮತ್ತೆ ಭರ್ತಿಯಾಗುತ್ತಿತ್ತು. ಫ್ಯಾನು ಹಚ್ಚಿದರೆ ಮೇಲಿನ ಬಿಸಿಯನ್ನು ಮುಖಕ್ಕೆ ತಂದು ಬಡಿಯುತ್ತಿತ್ತು, ಆರಿಸಿದರೆ ಬಿಸಿ ತಾನಾಗಿಯೇ ಬರುತ್ತಿತ್ತು. ನಡುವಿನ ಮಹಡಿಯವರು ಮಾತ್ರ "ನಮ್ಮಲ್ಲೇನ ಅಷ್ಟು ಧಗಿ ಇಲ್ಲ ಬಿಡ್ರಿ" ಎಂದು ನಮ್ಮ ಮೇಲೆಯೇ ಸಂಶಯಪಡುತ್ತಿದ್ದರು. ಹೇಗಿದ್ದೀತು? ಅವರ ಮೇಲೆ ನಾವಿದ್ದೆವಲ್ಲ. ಆ ಕಟ್ಟಡಕ್ಕೆ ಶಾಖ ತಡೆಯುವ ಹೊದಿಕೆಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊದಿಕೆ ಇತ್ತು, ತಿಂಗಳಿಗೆ ತಪ್ಪದೆ ಬಾಡಿಗೆಯನ್ನೂ ಕೊಡುತ್ತಿತ್ತು.

ಮಾಲೀಕರು ಟಿಕೋಟಾದವರು. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿ ವ್ಯಾಪಾರವಿದೆ. ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ನಾಲ್ಕೂ ಕಡೆ ಗಾಳಿ ಆಡಬೇಕು, ಮೇಲೆ ನೆರಳು ಗಟ್ಟಿಯಾಗಿರಬೇಕು, ನೇರ ಬಿಸಿಲು ತಾಗಿದರೆ ಹಣ್ಣಿನ ಬಣ್ಣ ಕೆಡುತ್ತದೆ ಎಂದು ನಮಗೆ ತಾಸುಗಟ್ಟಲೆ ವಿವರಿಸಿದ ಜಾಣರು. ಬಾಡಿಗೆದಾರರ ಬಣ್ಣ ಕೆಟ್ಟರೆ ಮಾರುಕಟ್ಟೆಯಲ್ಲಿ ದರ ಬೀಳುವುದಿಲ್ಲ. ಹಾಗಾಗಿ ನಮಗೆ ಆ ಸೌಕರ್ಯ ಇರಲಿಲ್ಲ.

ಮೊದಲ ಬೇಸಿಗೆಯನ್ನು ಹಲ್ಲು ಕಚ್ಚಿ ಕಳೆದೆವು. ನಮ್ಮ ಮನೆಯವರು, ಬ್ಯಾಂಕಿನಲ್ಲಿ ಗುಮಾಸ್ತರು, ಸಂಜೆಗೆ ಮಾಳಿಗೆ ಹತ್ತಿ ಕೊಡ ಕೊಡ ನೀರು ಸುರಿಯುತ್ತಿದ್ದರು. ಅದು ಬುಸ್ಸೆಂದು ಆವಿಯಾಗಿ ಹೋಗುತ್ತಿತ್ತು. ಸ್ಲ್ಯಾಬು ಕೆಡುತ್ತದೆ ಎಂದು ಮಾಲೀಕರು ಅದಕ್ಕೂ ಕಲ್ಲು ಹಾಕಿದರು. ಇದ್ದದ್ದು ನಾವಿಬ್ಬರೇ, ನಡೆಯಿತು. ಎರಡನೆಯ ಬೇಸಿಗೆ ಹಾಗಿರಲಿಲ್ಲ. ಬಬಲೇಶ್ವರಕ್ಕೆ ಕೊಟ್ಟಿದ್ದ ನಮ್ಮ ಒಬ್ಬಳೇ ಮಗಳು ಬಸುರಿಯಾಗಿದ್ದಳು, ಮೇ ತಿಂಗಳ ಹೊತ್ತಿಗೆ ಹೆರಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮ ಪದ್ಧತಿ. ಪದ್ಧತಿಯ ಮಾತು ಬಿಡಿ, ಮಗಳ ತಲೆಗೆ ನಾನೇ ಎಣ್ಣೆ ಒತ್ತಬೇಕು, ಮೊಮ್ಮಗುವಿಗೆ ನಾನೇ ನೀರೆರೆಯಬೇಕು ಎಂದು ಮದುವೆಯ ದಿನದಿಂದಲೂ ಆಸೆಯಿಂದ ಕಾದವಳು ನಾನು.

ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಬಬಲೇಶ್ವರದಲ್ಲಿ ಆಯಿತು. ಅವರದು ಹಳೆಯ ಮಣ್ಣಿನ ಮಾಳಿಗೆಯ ಮನೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ಮೊಣಕಾಲೆತ್ತರದ ಮಣ್ಣು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಫ್ಯಾನಿನ ನೆನಪೇ ಆಗಲಿಲ್ಲ. ಬೀಗರು ಆ ತಂಪಿನಲ್ಲಿ ಕುಳಿತುಕೊಂಡೇ, "ಈ ಮಣ್ಣ ಹೊತ್ತು ಸಾಕಾಗೇತ್ರಿ. ಮಳಿಗಾಲಕ್ಕ ಮೊದಲ ಇದನ್ನ ಕೆಡವಿ ಸ್ಲ್ಯಾಬ್ ಹಾಕ್ಸಾಕತ್ತೇವಿ. ಊರಾಗ ಎಲ್ಲಾರದೂ ಆತು, ನಮ್ಮದೊಂದ ಉಳದೈತಿ," ಎಂದು ಎದೆಯುಬ್ಬಿಸಿದರು. ಬೀಗತಿ ಅಂದರೆ ಮಗಳ ಅತ್ತೆ, ನನ್ನ ತಟ್ಟೆಗೆ ಹೋಳಿಗೆ ಹಾಕುತ್ತ ಮೆಲ್ಲಗೆ ಒಂದು ಮಾತನ್ನೂ ಬಡಿಸಿದರು.

"ಹುಡಿಗೀನ ಕಳಸ್ತೇವ್ರಿ ಬೀಗತೇರ, ಇಲ್ಲನ್ನಂಗಿಲ್ಲ. ಆದ್ರ ಹೋದ ವರ್ಷ ನಿಮ್ಮ ಮನಿಗೆ ಬಂದಾಗ ನಾ ಒಲಿ ಮುಂದ ಕುಂತಂಗ ಆಗಿತ್ತು. ಹಸಗೂಸಿನ್ನ ಆ ಧಗ್ಯಾಗ ಹ್ಯಾಂಗ ಇಡೂದು? ಮನಿ ತಂಪ ಮಾಡ್ಸ್ರಿ, ಇಲ್ಲಂದ್ರ ಬಾಣಂತನ ಇಲ್ಲೇ ಆಗ್ಲಿ."

ಮಾತು ಸಕ್ಕರೆಯಂತಿತ್ತು. ಅದರಲ್ಲಿ ನ್ಯಾಯವೂ ಇತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಮಗಳು ಬಾಗಿಲ ಹತ್ತಿರ ಹಸಿರು ಬಳೆ ತೊಟ್ಟು ನಿಂತು ನನ್ನನ್ನೇ ನೋಡುತ್ತಿದ್ದಳು.

ಮರುದಿನವೇ ಮಾಲೀಕರ ಬಾಗಿಲು ತಟ್ಟಿದೆ. ಮಾಳಿಗೆಯ ಮೇಲೆ ಶಾಖ ತಡೆಯುವ ಗಟ್ಟಿ ಫೋಮಿನ ಹಲಗೆ ಹಾಸಿ, ಮೇಲೆ ಸಿಮೆಂಟು ಎಳೆದು ಬಿಳಿ ಟೈಲಿನ ಬಿಲ್ಲೆ ಕೂಡಿಸುತ್ತಾರೆ, ಅಥಣಿ ರಸ್ತೆಯ ಹೊಸ ಬಡಾವಣೆಗಳಲ್ಲಿ ಮಾಡುತ್ತಿದ್ದಾರೆ, ನಮ್ಮದಷ್ಟೇ ಅಲ್ಲ ಪಕ್ಕದ ಮನೆಯೂ ವರ್ಷವಿಡೀ ಭರ್ತಿ ಇರುತ್ತದೆ ಎಂದೆಲ್ಲ ಹೇಳಿದೆ. ಅವರು ಚಹಾ ಕುಡಿಯುತ್ತ ಶಾಂತವಾಗಿ ಕೇಳಿದರು. ಕೆಳಗಿನ ಮನೆಯಲ್ಲಿ ಎಲ್ಲವನ್ನೂ ಶಾಂತವಾಗಿ ಕೇಳಬಹುದು.

"ಬಾಡಿಗಿ ಮನಿಗೆ ಅಷ್ಟೆಲ್ಲಾ ಮಾಡಿದ್ರ ಮೂಗಿಗಿಂತ ಮೂಗತಿ ಭಾರ ಆಕ್ಕೈತ್ರಿ ಅಕ್ಕೋರ," ಎಂದರು. ಆಮೇಲೆ ಕಣ್ಣರಳಿಸಿ, "ಅಲ್ರೀ, ಬಾಣಂತಿಗೆ ಕಾವು ಬೇಕಲ್ರಿ? ಮಂದಿ ಆಕಿ ಮಲಗೂ ಹೊರಸಿನ ಬುಡಕ ಕೆಂಡ ಇಡ್ತಾರ. ನಿಮಗ ದೇವರ ಮ್ಯಾಲಿಂದ ಪುಗಸಟ್ಟೆ ಕೊಡಾಕತ್ತಾನ," ಎಂದರು.

ಇಂಥ ಮಾತಿಗೆ ವಿಜ್ಞಾನದಲ್ಲಿ ಉತ್ತರವಿಲ್ಲ. ಬೇರೆ ಕಡೆ ಇದೆ, ಆದರೆ ಬಾಡಿಗೆ ಮನೆಯಲ್ಲಿ ಇರುವವರು ಅದನ್ನು ಹೇಳುವಂತಿಲ್ಲ. ಒಳಗಿನಿಂದ ಮಾಲೀಕರ ಹೆಂಡತಿಯೂ ದನಿಗೂಡಿಸಿದರು; ನಾವಿಬ್ಬರೂ ಒಬ್ಬರನ್ನೊಬ್ಬರು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದೆವು. "ವೈನೀ, ಮಾಳಗಿ ತಂಪ ಮಾಡಿದ್ರ ನನ್ನ ಸಂಡಗಿ ಎಲ್ಲಿ ಒಣಗಸ್ಲಿ? ಈಗ ಮುಂಜಾನೆ ಇಟ್ರ ಸಂಜೀಕ ಕಡಕ್ ಆಗಿರ್ತಾವು." ಓಣಿಯಲ್ಲೆಲ್ಲ ಅವರ ಸಂಡಿಗೆ, ಕುರಡಿಗೆಗೆ ಹೆಸರಿತ್ತು. ಅದಕ್ಕೆ ಕಾರಣ ಅವರ ಕೈಗುಣ ಎಂದು ಓಣಿ ತಿಳಿದಿತ್ತು. ಆ ಬಾಣಲೆಯಂಥ ಮಾಳಿಗೆಯ ಅಡಿಯಲ್ಲಿ ನಾವು ಬೇಯುತ್ತಿದ್ದೇವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಮನೆಯವರು "ಬ್ಯಾರೆ ಮನಿ ನೋಡೂಣು" ಎಂದರು. ಮಾರ್ಚಿನಲ್ಲಿ ಕೆಳಗಿನ ಮನೆ ಬಿಟ್ಟು ಹೋಗುವ ಹುಚ್ಚ ಈ ಊರಲ್ಲಿ ಯಾರಿದ್ದಾನೆ? ನಾನು ಒಂದು ರಾತ್ರಿಯೆಲ್ಲ ಹೊರಳಾಡಿ ಎದ್ದವಳು ಕಡಲೆಬೇಳೆ ನೆನೆಹಾಕಿದೆ. ನಮ್ಮ ಕಡೆ ಏನನ್ನು ಬೇಕಾದರೂ ಒಲ್ಲೆ ಎನ್ನಬಹುದು, ಊಟಕ್ಕೆ ಕರೆದರೆ ಒಲ್ಲೆ ಎನ್ನುವಂತಿಲ್ಲ. ಕುಳಿತ ಮೇಲೆ ನಡುವೆ ಏಳುವಂತಿಲ್ಲ, ಬಡಿಸಿದ್ದನ್ನು ಬಿಡುವಂತಿಲ್ಲ. ಅಂದು ಭಾನುವಾರ, ಕೆಳಗಿಳಿದು ಹೋಗಿ, "ಮಗಳ ಕುಬಸಕ್ಕ ನೀವು ಬರ್ಲಿಲ್ಲ. ಇವತ್ತ ಇಬ್ಬರೂ ನಮ್ಮ ಮನ್ಯಾಗ ಹೋಳಿಗಿ ಊಟ ಮಾಡ್ಬೇಕು, ಇಲ್ಲಂದ್ರ ಆಕಿಗೆ ಬ್ಯಾಸರ ಆಕ್ಕೈತಿ," ಎಂದೆ. ಇಬ್ಬರಿಗೂ ಬಹಳ ಸಂತೋಷವಾಯಿತು. ಮಧ್ಯಾಹ್ನ ಎರಡಕ್ಕೆ ಬನ್ನಿ ಎಂದೆ.

ಬಂದರು. ವೈನಿ ಇಳಕಲ್ ರೇಷ್ಮೆ ಸೀರೆ ಉಟ್ಟಿದ್ದರು. ಅಡಿಗೆಮನೆಗೆ ಹತ್ತಿದ ಕೋಣೆಯಲ್ಲಿ, ಹಂಚು ಇನ್ನೂ ಒಲೆಯ ಮೇಲಿರುವಾಗಲೇ ಮಣೆ ಹಾಕಿದೆ. ಕಟ್ಟಿನ ಸಾರು ಹೊಗೆಯಾಡುವಂತೆ ಬಡಿಸಿದೆ. ಮಾಲೀಕರು ಮೊದಲ ಹೋಳಿಗೆಗೆ ಹಣೆ ಒರೆಸಿಕೊಂಡರು, ಎರಡನೆಯದಕ್ಕೆ ಕುತ್ತಿಗೆ. ಮೂರನೆಯದನ್ನು ಹಾಕಲು ಹೋದರೆ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎಂದರು. "ಮಗಳ ಹೆಸರಲೇ ಒಂದರೇ," ಎಂದೆ. ಮಗಳ ಹೆಸರಿಗೆ ಯಾರು ಇಲ್ಲ ಎನ್ನುತ್ತಾರೆ? ಕೈ ತೆಗೆದರು. ಫ್ಯಾನು ಪೂರ್ತಿ ತಿರುಗುತ್ತಿತ್ತು, ಆತಿಥ್ಯದಲ್ಲಿ ನಾನು ಏನೂ ಕಡಿಮೆ ಮಾಡಿರಲಿಲ್ಲ. ಊಟವಾದ ಮೇಲೆ ಎಲೆಯಡಿಕೆ ಇಟ್ಟು, ಬಿಸಿಲಿಳಿಯುವ ತನಕ ಕೂಡಿ ಎಂದು ಜುಲುಮೆ ಮಾಡಿದೆ. ಗೋಡೆಗೆ ಒರಗಿದ ಮಾಲೀಕರು ಚಟ್ಟನೆ ಮುಂದಕ್ಕೆ ಬಂದು ಗೋಡೆಯನ್ನೊಮ್ಮೆ ನೋಡಿದರು.

ಮೊದಲು ಸೋತವರು ವೈನಿ. ಸೀರೆ ಬೆನ್ನಿಗೆ ಅಂಟಿಕೊಂಡಿತ್ತು, ಕುಂಕುಮ ಮೂಗಿನ ತನಕ ಇಳಿದಿತ್ತು. ಅವರು ಗಂಡನ ಕಡೆ ತಿರುಗಿದರು.

"ಏನ್ರೀ, ನಾಯಿ ಸೈತ ಇಲ್ಲಿ ಮರಿ ಹಾಕಂಗಿಲ್ಲ. ಆ ಹುಡುಗಿ ಹ್ಯಾಂಗ ಹಡದಾಳು? ಸಂಡಗಿ ಸುಡ್ಲಿ, ಮೊದಲ ಮಾಳಗಿ ಮಾಡಸ್ರಿ."

ಯುಗಾದಿ ಮುಗಿದ ವಾರದಲ್ಲಿ ಕೆಲಸ ಶುರುವಾಯಿತು. ತಿಳಿನೀಲಿ ಬಣ್ಣದ ಹಲಗೆಗಳು ಬಂದವು, ಸಿಮೆಂಟು ಬಂತು, ಬಿಳಿ ಬಿಲ್ಲೆಗಳು ಬಂದವು. ಮಾಲೀಕರು ಛತ್ರಿ ಹಿಡಿದು ಮೇಲೆಯೇ ನಿಂತು ಮಾಡಿಸಿದರು, ಓಣಿಯವರಿಗೆಲ್ಲ ಇದು ತಮ್ಮದೇ ತಲೆಯಿಂದ ಬಂದ ವಿಚಾರ ಎಂದು ಹೇಳಿದರು. ಹೇಳಲಿ ಬಿಡಿ, ಪುಣ್ಯ ಅವರಿಗಿರಲಿ, ನೆರಳು ನಮಗಿರಲಿ. ಸಂಡಿಗೆ ಬಿಳಿ ಬಿಲ್ಲೆಯ ಮೇಲೂ ಸಂಜೆಗೆ ಕಡಕ್ಕಾದವು, ಆ ಸುದ್ದಿಯನ್ನು ಮಾತ್ರ ವೈನಿ ಯಾರಿಗೂ ಹೇಳಲಿಲ್ಲ. ಮೊದಲ ಮಧ್ಯಾಹ್ನ ನಾನು ಸ್ಟೂಲು ಹತ್ತಿ ಛತ್ತಿಗೆ ಅಂಗೈ ಹಚ್ಚಿದೆ. ಸುಡಲಿಲ್ಲ. ಅಲ್ಲಿಯೇ ನಿಂತು ಅತ್ತುಬಿಟ್ಟೆ. ಮಗಳನ್ನು ಮರುದಿನವೇ ಕರೆತಂದೆವು, ಮೇ ಮೊದಲಿಗೆ ಮೊಮ್ಮಗಳು ಹುಟ್ಟಿದಳು.

ಬೀಗತಿ ಕೂಸನ್ನು ನೋಡಲು ಆಸ್ಪತ್ರೆಗೆ ಬಂದಿದ್ದರು, ಆಮೇಲೆ ಮನೆಗೆ ಬಂದದ್ದು ಒಂದು ಉರಿಮಧ್ಯಾಹ್ನ. ಬಂದವರೇ ಗೋಡೆ ಮುಟ್ಟಿದರು, ಮೇಲೆ ನೋಡಿದರು, ನೆಲದ ಮೇಲೆ ಕಾಲು ಸವರಿದರು. ಮೆಚ್ಚುತ್ತಾರೆ ಎಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ.

"ಭಾಳ ತಂಪ ಐತಲ್ರಿ," ಎಂದು ಹುಬ್ಬು ಗಂಟಿಕ್ಕಿದರು. "ಬಾಣಂತಿಗೆ ಥಂಡಿ ಹತ್ತತೈತಿ. ಬುಡಕ ಕೆಂಡನೂ ಇಟ್ಟಿಲ್ಲ ನೀವು. ನಾ ಆಕೀನ ಕರ್ಕೊಂಡ ಹೊಕ್ಕೇನ್ರಿ. ನಮ್ಮದೂ ಈಗ ಸ್ಲ್ಯಾಬ್ ಆಗೇತಿ, ಮನಿ ಬೆಚ್ಚಗ ಇರತೈತಿ."

ಬಾಣಲೆಯಿಂದ ಬೆಂಕಿಗೆ ಬೀಳುವವರ ಬಗ್ಗೆ ಕೇಳಿದ್ದೆ, ಬಾಣಲೆಯನ್ನು ತಂಪು ಮಾಡಿದ್ದೇ ತಪ್ಪು ಎಂದವರನ್ನು ಅಂದೇ ನೋಡಿದ್ದು. ಒಳಗಿನ ಕೋಣೆಯಲ್ಲಿ ಮಗಳು ಎಲ್ಲ ಕೇಳಿಸಿಕೊಂಡಿದ್ದಳು. "ಅವ್ವಾ, ನಾ ಹೋಗಂಗಿಲ್ಲ," ಎಂದಳು, ಬಹಳ ಸಣ್ಣ ದನಿಯಲ್ಲಿ. ಡಾಕ್ಟರಮ್ಮ ಕೂಸಿನ ಹತ್ತಿರ ಕೆಂಡ, ಹೊಗೆ ಸುಳಿಯಬಾರದು ಎಂದು ಖಡಾಖಂಡಿತವಾಗಿ ಹೇಳಿದ್ದರು. ನಾನು ತಾಯಿ ಮಗುವನ್ನು ಕೆಳಗೆ ವೈನಿಯ ಮನೆಗೆ ಕಳಿಸಿದೆ. ಕಬ್ಬಿಣದ ಬುಟ್ಟಿಯಲ್ಲಿ ಇದ್ದಿಲು ಹೊತ್ತಿಸಿ ಹೊರಸಿನ ಅಡಿಗೆ ಇಟ್ಟೆ. ಬಾಗಿಲು ತುಸು ಸಂದು ಬಿಟ್ಟು ಕಿಟಕಿಯ ಪರದೆ ಎಳೆದೆ, ಫ್ಯಾನು ಆರಿಸಿದೆ.

"ನೀವು ಹೇಳೂದು ಖರೇ ಐತ್ರಿ ಬೀಗತೇರ. ಆದ್ರ ಕಾವು ಎಷ್ಟ ಇರಬೇಕು ಅನ್ನೂದು ನನಗ ತಿಳೀವಲ್ದು. ಹಿರ್‍ಯಾರು ನೀವು, ಹೊರಸಿನ ಮ್ಯಾಲ ಕುಂತು ಹೇಳ್ರಿ. ಸಾಕು ಅಂದ್ರ ಸಾಕ ಮಾಡ್ತೇನಿ, ಸಾಲದು ಅಂದ್ರ ಮತ್ತ ಹಾಕ್ತೇನಿ."

ಅವರು ಜಂಬದಿಂದ ಹತ್ತಿ ಕುಳಿತರು. ನಾನು ಎದುರಿಗೆ ಕುಳಿತೆ. ಬಿಸಿ ಚಹಾ ಕೊಟ್ಟೆ, ಕುಡಿದರು. ಖಾರದ ಅವಲಕ್ಕಿ ಕೊಟ್ಟೆ, ತಿಂದರು. ಇನ್ನೊಂದು ಕಪ್ಪು ಚಹಾ ತಂದೆ. ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ಅದೇ ಸೆರಗಿನಿಂದ ಗಾಳಿ ಹಾಕಿಕೊಂಡರು. "ಇನ್ನಷ್ಟು ಇದ್ದಲಿ ಹಾಕ್ಲೇನ್ರಿ?" ಎಂದು ಕೇಳಿದೆ. ಇನ್ನು ತಡೆಯುವುದಿಲ್ಲ, ಸಿಡಿಯುತ್ತಾರೆ ಎಂದು ನಾನೂ ನಾಲಗೆಯಲ್ಲಿ ಮಾತು ಮಸೆದು ಇಟ್ಟಿದ್ದೆ.

ಅವರು ಸಿಡಿಯಲಿಲ್ಲ. ಕಪ್ಪು ಕೆಳಗಿಟ್ಟು, ಕಾಲು ಇಳಿಬಿಟ್ಟು ನೆಲ ನೋಡುತ್ತ ಕುಳಿತರು.

"ಊರಾಗೂ ಹಿಂಗ ಐತ್ರಿ," ಎಂದರು. "ಕೆಂಡ ಇಡದಲೇ ಹಿಂಗ ಐತಿ. ಆ ಸ್ಲ್ಯಾಬ್ ಹಾಕ್ಸಿದಾಗಿಂದ ಕಣ್ಣಿಗೆ ಕಣ್ಣ ಹಚ್ಚಿಲ್ಲ. ಹಳೇ ಮಣ್ಣೆಲ್ಲಾ ಹೊಲಕ್ಕ ಚೆಲ್ಲಿ ಬಂದಾರ. ಮನ್ಯಾಗ ಅಂದ್ರ ಗಂಡಸ್ರಿಗೆ ಸಿಟ್ಟ ಬರತೈತಿ, ಹೊರಗ ಅಂದ್ರ ಮಂದಿ ನಗ್ತಾರ."

"ಮತ್ತ ಹುಡಿಗೀನ ಅಲ್ಲಿಗೆ ಕರ್ಕೊಂಡ ಹೊಕ್ಕೇನಿ ಅಂದ್ರಿ?"

"ಕೂಸ ಇದ್ರ ಹೊತ್ತ ಹೊಕ್ಕೈತಿ ಅಂತ ಅಂದೆ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ನಾ ಎರಡ ದಿನ ಇಲ್ಲೇ ಇರ್ಲೇನ್ರಿ?" ಎಂದು ಕೇಳಿದರು.

ಇಕ್ಕಳದಿಂದ ಬುಟ್ಟಿಯನ್ನು ಹೊರಗೆ ಎತ್ತಿಟ್ಟು ಕೆಂಡಕ್ಕೆ ನೀರು ಹಾಕಿದೆ. ಪರದೆ ಸರಿಸಿ, ಫ್ಯಾನು ಹಚ್ಚಿ, ತಂಪಾದ ನೆಲದ ಮೇಲೆ ಚಾಪೆ ಹಾಸಿ, ದಿಂಬು ಕೊಟ್ಟೆ. ಮೈಚಾಚಿದ ಕೂಡಲೇ ಅವರಿಗೆ ನಿದ್ದೆ ಬಂತು. ಮಗಳು ಕೂಸನ್ನು ಎತ್ತಿಕೊಂಡು ಮೇಲೆ ಬಂದಾಗ ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ನಾನು ಬೀಸಣಿಕೆ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ.

ಎರಡು ದಿನ ಎಂದವರು ಜೂನಿನ ಮಿರಗದ ಮಳೆ ಬೀಳುವ ತನಕ ಇದ್ದರು. ಕೂಸಿಗೆ ದಿನಾ ಅವರೇ ಎರೆದರು, ನನ್ನ ಪಾಲಿಗೆ ನೀರು ಕಾಯಿಸುವ ಕೆಲಸ ಬಂತು.